ಭಾನುವಾರ ಎರಡು ಗಂಟೆಗೆ ಹೊರಟ ಗಾಡಿ

ಆದಿಲಕ್ಷ್ಮಮ್ಮನ ಮನೆಯಲ್ಲಿ ಕ್ಯಾಲೆಂಡರು ನೇತಾಡುವುದು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ. ಒಗ್ಗರಣೆಯ ಜಿಡ್ಡು ಹತ್ತಿ ಅದರ ಅಂಚು ಯುಗಾದಿಯ ಹೊತ್ತಿಗೇ ಕಂದಾಗಿಬಿಡುತ್ತದೆ. ಹಾಲಿನವನು ಬಾರದ ದಿನ, ಗ್ಯಾಸ್ ಬಂದ ದಿನ, ಮೊಮ್ಮಗಳು ತನುಶ್ರೀಯ ಪರೀಕ್ಷೆ, ಎಲ್ಲ ಅದರ ಮೇಲೆಯೇ. ಆದರೆ ಬೆಳಿಗ್ಗೆ ಎದ್ದು ಅವಳು ಮೊದಲು ನೋಡುವುದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ರಾಹುಕಾಲವನ್ನು. ವಾರದ ಏಳೂ ದಿನದ್ದು ಅವಳಿಗೆ ಬಾಯಿಪಾಠ. ಆದರೂ ನೋಡುತ್ತಾಳೆ, ಹಾಲು ಉಕ್ಕುವುದು ಗೊತ್ತಿದ್ದೂ ಒಲೆಯ ಪಕ್ಕದಲ್ಲೇ ನಿಂತು ಕಾಯುವ ಹಾಗೆ.

ಗಂಡ ಮುನಿನಾರಾಯಣಪ್ಪ ಲಾರಿ ಓಡಿಸಲು ಶುರುಮಾಡಿದ್ದು ಮದುವೆಗಿಂತ ಮುಂಚೆ. ಈಗ ಮಗ ಕನಕರಾಜನೂ ಅದೇ ಗಾಡಿಗೆ ಎರಡನೇ ಡ್ರೈವರು. ನಂದಿಯಲ್ಲಿ ಅವರ ಮನೆಯಿಂದ ಕೂಗಳತೆಯಲ್ಲಿ ತರಕಾರಿ ಪ್ಯಾಕ್ ಮಾಡುವ ಒಂದು ಕಂಪನಿಯ ಶೆಡ್ಡಿದೆ. ಅಲ್ಲಿಂದ ದೊಣ್ಣೆಮೆಣಸಿನಕಾಯಿ, ಬೀನ್ಸು, ಕ್ಯಾರೆಟ್ಟು ಕ್ರೇಟುಗಟ್ಟಲೆ ಹೈದರಾಬಾದಿಗೆ ಹೋಗುತ್ತವೆ. ದಾರಿಯ ಮೊದಲರ್ಧ ಅಪ್ಪನದು, ಉಳಿದರ್ಧ ಮಗನದು. ಒಬ್ಬ ಡ್ರೈವರು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಸ್ಟೀರಿಂಗ್ ಹಿಡಿಯಬಾರದು ಅಂತ ನಿಯಮ. ಎಷ್ಟು ಹೊತ್ತಿಗೆ ಹೊರಟರು, ಎಲ್ಲಿ ಕೈ ಬದಲಾಯಿಸಿದರು ಅನ್ನುವುದನ್ನು ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು.

ಭಾನುವಾರದ ಟ್ರಿಪ್ಪು ಮಾತ್ರ ತೊಡಕಿನದು. ಆವತ್ತು ಗಾಡಿ ಸಂಜೆ ಐದೂವರೆಗೆ ಹೊರಡಬೇಕು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ. ಅರ್ಧ ಗಂಟೆ ತಡವಾಗಿ ಬಿಡಿ ಅಂದರೆ ಕಂಪನಿ ಕೇಳುವುದಿಲ್ಲ. ಇದಕ್ಕೆ ಆದಿಲಕ್ಷ್ಮಮ್ಮನ ತವರಿನಲ್ಲಿ ಹಿಂದಿನಿಂದ ಬಂದ ಒಂದು ದಾರಿಯಿತ್ತು, ಪರಸ್ಥಾನ ಇಡುವುದು. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಅದಕ್ಕಿಂತ ಮುಂಚಿನ ಒಳ್ಳೆಯ ಹೊತ್ತಿನಲ್ಲಿ ಬಟ್ಟೆಯ ಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ಯಾವಾಗ ಹೋದರೂ ಅದು ಹೊರಟದ್ದರ ಮುಂದುವರಿಕೆಯೇ ಹೊರತು ಹೊಸದಾಗಿ ಹೊರಟದ್ದಲ್ಲ.

ಮುನಿನಾರಾಯಣಪ್ಪ ಚೀಲದ ಬದಲು ಗಾಡಿಯನ್ನೇ ಪರಸ್ಥಾನ ಇಡತೊಡಗಿದ. ಭಾನುವಾರ ಎರಡು ಗಂಟೆಗೆ, ಲೋಡಾದ ಗಾಡಿಯನ್ನು ಶೆಡ್ಡಿನ ಗೇಟಿನಿಂದ ಹೊರಗೆ ತಂದು ಮನೆಯ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದ. ಆದಿಲಕ್ಷ್ಮಮ್ಮ ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಆರತಿ ಎತ್ತುತ್ತಿದ್ದಳು. ಗೇಟಿನವನು ಎರಡು ಗಂಟೆ ಅಂತ ಬರೆದುಕೊಳ್ಳುತ್ತಿದ್ದ. ಮುನಿನಾರಾಯಣಪ್ಪನೂ ಲಾಗ್ ಬುಕ್ಕಿನಲ್ಲಿ ಎರಡು ಗಂಟೆ ಅಂತಲೇ ಬರೆಯುತ್ತಿದ್ದ. ಐದೂವರೆ ಅಂತ ಬರೆದರೆ, ರಾಹುಕಾಲದಲ್ಲಿ ಹೊರಟೆ ಅಂತ ತನ್ನ ಕೈಯಾರೆ ಒಪ್ಪಿಕೊಂಡ ಹಾಗಲ್ಲವೇ. ವರ್ಷಗಳಿಂದ ಹೀಗೇ ನಡೆದಿತ್ತು. ಆಫೀಸಿನಲ್ಲಿ ಆ ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದರೇ ಹೊರತು ಯಾರೂ ಓದುತ್ತಿರಲಿಲ್ಲ.

ಅವರೆಕಾಯಿ ಕಾಲದ ಒಂದು ಸೋಮವಾರ ಬೆಳಿಗ್ಗೆ ಸೊಸೆ ಅಮೃತಳ ಫೋನಿಗೆ ಕನಕರಾಜ ಕರೆ ಮಾಡಿದ. ಕರ್ನೂಲಿಗೆ ಸ್ವಲ್ಪ ಇರುವಾಗ ಗಾಡಿ ಹುಲ್ಲಿನ ಟ್ರೇಲರಿಗೆ ಹಿಂದಿನಿಂದ ಹೊಡೆದಿತ್ತು. ಮಧ್ಯರಾತ್ರಿ ಕಳೆದು ಅರ್ಧ ಗಂಟೆ. ಸ್ಟೀರಿಂಗಿನಲ್ಲಿ ಅಪ್ಪ ಇದ್ದ, ತಾನು ಹಿಂದಿನ ಸೀಟಿನಲ್ಲಿ ಮಲಗಿದ್ದೆ ಅಂದ. ಅಪ್ಪನ ಹುಬ್ಬು ಸೀಳಿದೆ, ಟ್ರೇಲರಿನವನ ಕೈ ಮುರಿದಿದೆ, ಜೀವಕ್ಕೇನೂ ಇಲ್ಲ. ಟ್ರೇಲರಿಗೆ ಹಿಂದೆ ದೀಪವೂ ಇರಲಿಲ್ಲ, ಕೆಂಪು ಪಟ್ಟಿಯೂ ಇರಲಿಲ್ಲ, ಆದ್ದರಿಂದ ಅದರ ಮಾಲೀಕ ಪೊಲೀಸು ಗಿಲೀಸು ಅನ್ನದೆ ಅಲ್ಲೇ ರಾಜಿಯಾದ.

ಮಂಗಳವಾರ ಅಪ್ಪ ಮಗ ಬಸ್ಸಿನಲ್ಲಿ ಬಂದಿಳಿದರು. ಮುನಿನಾರಾಯಣಪ್ಪನ ಹಣೆಗೆ ಬಿಳಿಯ ಪಟ್ಟಿ. ಆದಿಲಕ್ಷ್ಮಮ್ಮ ಬಿಸಿನೀರು ಕಾಯಿಸಿ, ದೃಷ್ಟಿ ತೆಗೆದು, ಮೆಣಸಿನ ಸಾರು ಮಾಡಿ ಬಡಿಸಿದಳು. ಗಂಡ ಎರಡು ತುತ್ತು ಉಂಡು ತಟ್ಟೆ ಸರಿಸಿದ. ಅವಳಿಗೆ ಒಂದೇ ಯೋಚನೆ: ಎರಡು ಗಂಟೆಗೆ ಎಲ್ಲ ಸರಿಯಾಗಿಯೇ ಮಾಡಿಯಾಗಿತ್ತಲ್ಲ, ನಿಂಬೆಹಣ್ಣೂ ಚಕ್ರದ ಕೆಳಗೆ ಚೆನ್ನಾಗಿಯೇ ಸಿಡಿದಿತ್ತಲ್ಲ.

ಆ ವಾರದ ಕೊನೆಗೆ ಚಿಕ್ಕಬಳ್ಳಾಪುರದ ಆಫೀಸಿನಿಂದ ಕರೆ ಬಂತು. ಹೋಗಿ ಬಂದ ಮುನಿನಾರಾಯಣಪ್ಪ ಊಟಕ್ಕೆ ಕೂರುವವರೆಗೆ ಬಾಯಿ ಬಿಡಲಿಲ್ಲ. ಮುದ್ದೆ ಮುರಿಯುತ್ತಾ, ಅವರೆಕಾಳು ಸಾರಿನ ಕಡೆ ನೋಡಿಕೊಂಡೇ ಹೇಳಿದ. ಅಪಘಾತ ಆಗಿದ್ದರಿಂದ ಯಾರೋ ಪುಸ್ತಕ ತೆರೆದಿದ್ದಾರೆ. ಎರಡಕ್ಕೆ ಹೊರಟವನು ಹನ್ನೆರಡೂವರೆಯವರೆಗೆ ಓಡಿಸಿದರೆ ಹತ್ತೂವರೆ ಗಂಟೆ. ಅದೊಂದೇ ಅಲ್ಲ, ಹಿಂದಿನ ಭಾನುವಾರಗಳೆಲ್ಲ ಹಾಗೇ ಇವೆ. ವಿಚಾರಣೆಯಲ್ಲಿ ತಪ್ಪು ಅಂತಾದರೆ ಕೆಲಸದಿಂದ ತೆಗೆಯುತ್ತಾರೆ, ಹೆಸರನ್ನು ಬೇರೆ ಕಂಪನಿಗಳಿಗೂ ಕಳಿಸುತ್ತಾರೆ. ಆಮೇಲೆ ಯಾವ ಗಾಡಿಯ ಸ್ಟೀರಿಂಗೂ ಸಿಗುವುದಿಲ್ಲ.

"ನೀವು ಓಡಿಸಿದ್ದು ಏಳೇ ಗಂಟೆ ಅಲ್ವ ಮಾವ? ನಿಜ ಹೇಳಿಬಿಡಿ," ಅಂದಳು ಅಮೃತ. ಅವಳು ಬಿ.ಎಸ್ಸಿ. ಓದಿದವಳು. ಊರಿನ ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ.

"ಐದೂವರೆಗೆ ಹೊರಟೆ ಅಂದ್ರೆ ಪುಸ್ತಕದಾಗೆ ಸುಳ್ಳು ಬರ್ದೆ ಅಂತಾಗತ್ತೆ. ಪುಸ್ತಕ ನಿಜ ಅಂದ್ರೆ ಎಂಟು ಗಂಟೆ ಮೀರಿದೆ ಅಂತಾಗತ್ತೆ. ಯಾವ ಕಡೆ ತಿರುಗಿದ್ರೂ ನಾನೇ."

"ಸುಳ್ಳು ಎಲ್ಲಿಂದ ಬಂತು?" ಆದಿಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಕೇಳಿದಳು. "ಎರಡಕ್ಕೆ ಹೊರಟಿದ್ದು ಸುಳ್ಳಾ? ನಾನೇ ಆರತಿ ಎತ್ತಿದೀನಿ."

"ಹೊರಟು ನಮ್ಮನೆ ಮುಂದೇನೇ ನಿಂತಿತ್ತಲ್ಲಮ್ಮ," ಅಂದ ಕನಕರಾಜ.

"ನಿಂತ್ರೇನೋ. ಚಿಂತಾಮಣಿ ಬಸ್ಸು ಸ್ಟ್ಯಾಂಡಿನಾಗೆ ಅರ್ಧ ಗಂಟೆ ನಿಲ್ಲಲ್ವಾ? ಅದು ಹೊರಟೇ ಇಲ್ಲ ಅಂತಾರಾ ಯಾರಾದ್ರೂ?"

ತನುಶ್ರೀ ಕಿಸಕ್ಕನೆ ನಕ್ಕಳು. ಅಮೃತ ಅವಳ ತೊಡೆಗೆ ಒಂದು ಚಿವುಟಿದಳು. ಮುನಿನಾರಾಯಣಪ್ಪನೇ, "ಅವಳು ಹೇಳೋದೂ ಸರೀನೇ," ಅಂದು, ಮತ್ತೆ, "ಆದ್ರೆ ಅದನ್ನ ಅಲ್ಲಿ ಹೆಂಗೆ ಹೇಳೋದು," ಅಂದು ಕೈ ತೊಳೆದ.

ಮೂರನೆಯ ದಿನ ಕಂಪನಿಯ ಸೂಪರ್‌ವೈಸರ್ ಸುನೀಲ್‌ಕುಮಾರ್ ಬೈಕಿನಲ್ಲಿ ಮನೆಗೇ ಬಂದ. ಮುನಿನಾರಾಯಣಪ್ಪನ ಕೈಕೆಳಗೆ ಕ್ಲೀನರಾಗಿದ್ದು ಮೇಲೆ ಬಂದವನು. ಕಾಫಿ ಕುಡಿದು ಲೋಟ ಕೆಳಗಿಡುವಾಗ ವಿಷಯಕ್ಕೆ ಬಂದ. ಆವತ್ತು ಕೈ ಬದಲಾಯಿಸುವ ಮುಂಚೆಯೇ ಅಪಘಾತ ಆಗಿದ್ದರಿಂದ ಆ ಜಾಗ ಪುಸ್ತಕದಲ್ಲಿ ಖಾಲಿಯಿದೆ. ಹತ್ತು ಗಂಟೆಯಿಂದ ಕನಕರಾಜ ಓಡಿಸಿದ ಅಂತ ಒಂದು ಗೆರೆ ಬರೆದರೆ ಅಣ್ಣನ ಲೆಕ್ಕ ಸರಿಹೋಗುತ್ತದೆ.

"ಆಗ ಗುದ್ದಿದ್ದು ಯಾರು ಅಂತಾಗತ್ತೆ?" ಅಮೃತ ಅಡುಗೆಮನೆಯಿಂದಲೇ ಕೇಳಿದಳು.

ಸುನೀಲ್‌ಕುಮಾರ್ ಕತ್ತು ಕೆರೆದುಕೊಂಡ. ಕನಕನಿಗೆ ವಯಸ್ಸಿದೆ, ಆರು ತಿಂಗಳು ಹೈದರಾಬಾದ್ ಲೈನಿನಿಂದ ಬಿಡಿಸಬಹುದು, ಆಮೇಲೆ ತಾನು ನೋಡಿಕೊಳ್ಳುತ್ತೇನೆ ಅಂದ. ಅವನು ಹೋದ ಮೇಲೆ ಕನಕರಾಜ, ಬರೆಯಲಿ ಬಿಡಿ, ನನಗೇನೂ ಇಲ್ಲ ಅಂದ. ಅಮೃತ ಅವರೆಕಾಯಿ ಸುಲಿಯುತ್ತಿದ್ದ ಮೊರವನ್ನು ಪಕ್ಕಕ್ಕೆ ತಳ್ಳಿದಳು.

"ನಿದ್ದೆ ಮಾಡ್ತಿದ್ದೋರು ಗುದ್ದಿದ್ರು ಅಂತ ಬರ್ಸ್ಕೋತೀರಾ? ನಾಳೆ ಇನ್ನೊಂದು ಕಂಪನೀಗೆ ಹೋದಾಗ ಕೇಳ್ದ್ರೆ?"

"ಅಪ್ಪಂಗೆ ಬೇರೆ ಏನು ಗೊತ್ತೇ? ಮನೇಲಿ ಕೂತ್ರೆ ಹುಚ್ಚು ಹಿಡಿಯತ್ತೆ."

"ನನ್ನ ಹುಚ್ಚಿನ ಮಾತು ನಿನಗ್ಯಾಕೋ?" ಮುನಿನಾರಾಯಣಪ್ಪ ಹಜಾರದಿಂದ ಗದರಿದ. "ನನ್ನ ಕೈಯಾಗಿದ್ದ ಸ್ಟೀರಿಂಗು ನಿನ್ನ ಕೈಗೆ ಹೆಂಗೋ ಬರತ್ತೆ? ಬರೀ ನೋಡೋಣ, ಕೈ ಮುರಿದುಬಿಡ್ತೀನಿ."

ಆದಿಲಕ್ಷ್ಮಮ್ಮ ಯಾರ ಕಡೆ ಮಾತಾಡಬೇಕೋ ಗೊತ್ತಾಗದೆ ಕೂತಳು. ಮಗನ ಹೆಸರು ಬರೆದರೆ ಗಂಡ ಉಳಿಯುತ್ತಾನೆ. ಬರೆಯದಿದ್ದರೆ ಮಗ ಉಳಿಯುತ್ತಾನೆ. ಸೊಸೆ ಬಿಟ್ಟುಹೋದ ಮೊರವನ್ನು ಎಳೆದುಕೊಂಡು ಸುಲಿದಳು. ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದುದನ್ನು ತನುಶ್ರೀ ತೋರಿಸುವವರೆಗೆ ಅವಳಿಗೆ ಗೊತ್ತೇ ಆಗಲಿಲ್ಲ.

ದಾರಿ ತೋರಿದ್ದು ಅಮೃತಳೇ. ಶಾಲೆಯ ವ್ಯಾನು ಎಲ್ಲಿದೆ ಅಂತ ಮಕ್ಕಳ ತಾಯಂದಿರು ಫೋನಿನಲ್ಲಿ ನೋಡುವುದನ್ನು ಕಂಡು ಅವಳಿಗೆ ಹೊಳೆದಿತ್ತು. ನಿಮ್ಮ ಗಾಡಿಗೂ ಅಂಥದೊಂದು ಡಬ್ಬಿ ಇಲ್ಲವೇ ಅಂತ ಗಂಡನನ್ನು ಕೇಳಿದಳು. ಇತ್ತು. ಗಾಡಿ ಕಳುವಾಗದಿರಲಿ ಅಂತ ಹಾಕಿಸಿದ್ದು. ಅದಕ್ಕೂ ಲಾಗ್ ಬುಕ್ಕಿಗೂ ಸಂಬಂಧವಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಮರುದಿನ ಅಮೃತ ಅರ್ಧ ದಿನ ರಜೆ ಹಾಕಿ, ಗಂಡನ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋಗಿ, ಆಫೀಸಿನವರ ತಲೆ ತಿಂದು ಆ ಡಬ್ಬಿಯ ದಾಖಲೆ ತೆಗೆಸಿದಳು. ಭಾನುವಾರ ಎರಡರ ಸುಮಾರಿಗೆ ಗಾಡಿ ಗೇಟು ದಾಟಿದೆ, ಒಂದು ಫರ್ಲಾಂಗು ಬಂದು ನಿಂತಿದೆ, ಐದೂವರೆಯವರೆಗೆ ಅಲ್ಲಾಡಿಲ್ಲ. ಪ್ರತಿ ಭಾನುವಾರವೂ ಹಾಗೇ.

ಆವತ್ತು ಆದಿಲಕ್ಷ್ಮಮ್ಮ ಅಕ್ಕಿಪಾಯಸ ಮಾಡಿದಳು. ಪಕ್ಕದ ಮನೆಯ ಚಿಕ್ಕವೆಂಕಟಮ್ಮನಿಗೂ ಒಂದು ಲೋಟ ಕಳಿಸಿದಳು. ಆ ಮುದುಕಿ ಲೋಟ ವಾಪಸು ಕೊಡಲು ಬಂದವಳು ಕಟ್ಟೆಯ ಮೇಲೆ ಕೂತು, ಹಿಂದೆ ತನ್ನ ಗಂಡ ತಿರುಪತಿಗೆ ಹೊರಟಾಗ ಚೀಲ ಇಡಲು ಮೂರು ಮನೆ ಅಲೆದ ಕಥೆ ಹೇಳಿದಳು. "ಗಾಡೀನೇ ಇಡ್ತಾರಾ ಯಾರಾದ್ರೂ ಆದೆಮ್ಮಾ? ಚೀಲ ಸಾಲದಾಗಿತ್ತಾ? ಪೋನೀಲೇ, ಹೋಗ್ಲಿ ಬಿಡು, ದೇವರು ದೊಡ್ಡವನು," ಅಂತ ಎದ್ದು ಹೋದಳು.

ಪಾಯಸದ ಪಾತ್ರೆ ತೊಳೆಯುವ ಮೊದಲೇ ಸುನೀಲ್‌ಕುಮಾರನ ಫೋನು ಬಂತು. ವಿಚಾರಣೆಗೆ ಬೆಂಗಳೂರಿನಿಂದ ಒಬ್ಬರು ಸಾಹೇಬರು ಬರುತ್ತಾರೆ. ಗಾಡಿ ನಿಂತಿತ್ತು ಅನ್ನುವುದನ್ನು ಅವರು ಒಪ್ಪಿದ್ದಾರೆ. ಪುಸ್ತಕದ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡಬಹುದು. ಆದರೆ ಅವರ ಪ್ರಶ್ನೆ ಒಂದೇ: ಗಾಡಿ ಮನೆ ಮುಂದೆ ನಿಂತ ಆ ಹೊತ್ತಿನಲ್ಲಿ ಡ್ರೈವರು ಏನು ಮಾಡುತ್ತಿದ್ದ? ಮಲಗಿ ವಿಶ್ರಾಂತಿ ತಗೊಂಡಿದ್ದ ಅಂತ ಮನೆಯವರು ಯಾರಾದರೂ ಬಂದು ಹೇಳಿ ಸಹಿ ಹಾಕಿದರೆ ಮುಗಿಯಿತು. ಅಕ್ಕ ಬಂದರೆ ಒಳ್ಳೆಯದು, ಹಿರಿಯರು, ನಂಬುತ್ತಾರೆ.

"ಅಷ್ಟೇನಾ," ಅಂದ ಕನಕರಾಜ. "ಅಮ್ಮ ಬರ್ತಾಳೆ."

ಆದಿಲಕ್ಷ್ಮಮ್ಮ ಹೂಂ ಅಂದಳು. ಅಂದ ಮೇಲೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಕಲ್ಲಿನ ಮೇಲೆ ಕೂತಾಗ ಎದುರಿಗೇ ನೀರಿನ ಮೋಟಾರು ಕಾಣಿಸಿತು.

ಆ ಭಾನುವಾರ ಮೋಟಾರು ನೀರೆತ್ತುತ್ತಿರಲಿಲ್ಲ. ಆರತಿ ಎತ್ತಿ ತಟ್ಟೆ ಒಳಗಿಟ್ಟು ಬಂದವಳೇ, ಒಂಚೂರು ನೋಡ್ರೀ ಅಂತ ಗಂಡನಿಗೆ ಹೇಳಿದ್ದಳು. ಅವನು ಪೈಪು ಬಿಚ್ಚಿ, ಕಸ ತೆಗೆದು, ಮತ್ತೆ ಕೂಡಿಸುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ಆಮೇಲೆ ರಾಗಿ. ಮನೆಯಲ್ಲಿ ಹಿಟ್ಟು ಮುಗಿದಿತ್ತು. ನಾಲ್ಕೂವರೆ ದಾಟಿದರೆ ಮಿಷನ್ನಿಗೆ ಹೋಗುವುದೂ ರಾಹುಕಾಲಕ್ಕೆ ಬೀಳುತ್ತದೆ, ಬೇಗ ಹೋಗಿಬನ್ನಿ ಅಂತ ಕಳಿಸಿದ್ದಳು. ನಾನು ಸ್ಕೂಟಿಯಲ್ಲಿ ತರುತ್ತೇನೆ, ಮಾವ ಮಲಗಲಿ ಅಂತ ಅಮೃತ ಅಂದಿದ್ದಳು. ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದೀಯ, ನೀನು ಅದನ್ನು ಮುಗಿಸು ಅಂತ ಸೊಸೆಯ ಬಾಯಿ ಮುಚ್ಚಿಸಿದ್ದೂ ತಾನೇ. ಮಿಷನ್ನಿನಲ್ಲಿ ಜನವಿತ್ತು. ಅವನು ಹಿಟ್ಟು ಹೊತ್ತು ಬಂದು ಒಂದು ಗಳಿಗೆ ಒರಗೋಣ ಅಂತ ನೋಡಿದರೆ ಮಂಚದ ತುಂಬ ಅವರೆಕಾಯಿ ಹರಡಿತ್ತು. ಗೋಡೆಗೆ ಒರಗಿ ಕೂತು ಕಾಫಿ ಕುಡಿದು ಎದ್ದು ಹೋಗಿದ್ದ. ಕನಕರಾಜ ಮಾತ್ರ ಊಟ ಮಾಡಿ ಕ್ಯಾಬಿನ್ನಿನಲ್ಲೇ ಮಲಗಿದ್ದ. ಅವನಿಗೆ ಇದೊಂದೂ ಗೊತ್ತಿರಲಿಲ್ಲ.

ಪಾತ್ರೆಯೊಂದಿಗೆ ಒಳಗೆ ಬಂದಾಗ ಅಮೃತ ಕಾದಿದ್ದಳು. ಇಬ್ಬರಿಗೂ ಗೊತ್ತಿತ್ತು. ಅಮೃತ ದನಿ ತಗ್ಗಿಸಿ ಹೇಳಿದಳು, "ಅತ್ತೆ, ಮಲಗಿದ್ರು ಅಂತ್ಲೇ ಹೇಳಿ. ಎಂಟು ಗಂಟೆ ಮೀರಿಲ್ಲ ಅನ್ನೋದು ನಿಜ ತಾನೆ? ಮಿಕ್ಕಿದ್ದು ಅವರಿಗ್ಯಾಕೆ."

"ನೀನು ಆವತ್ತು ಮಿಷನ್ನಿಗೆ ಕಳಿಸೋದು ಬೇಡ ಅಂದಿದ್ದೆ."

"ಅದು ಬಿಡಿ ಈಗ."

"ಎರಡು ಗಂಟೆ ಅಂತ ಬರ್ದಿದ್ದು ಸುಳ್ಳು ಅಂತ ಡಬ್ಬಿ ಹೇಳ್ತು ಅಂತೀಯ. ಎರಡು ಗಂಟೆಯಿಂದ ಅವರು ಕೂತೇ ಇಲ್ವಲ್ಲೇ. ಮತ್ತೆ ಯಾವುದಮ್ಮ ಸುಳ್ಳು?"

ಅಮೃತ ಪಾತ್ರೆ ಇಸಕೊಂಡು ಒರೆಸಿ ಗೂಡಿನಲ್ಲಿಟ್ಟಳು.

ವಿಚಾರಣೆಯ ಹಿಂದಿನ ದಿನ ಬಸ್ಸಾರು, ಮುದ್ದೆ. ತನುಶ್ರೀ ಶಾಲೆಯ ಯಾವುದೋ ಡ್ಯಾನ್ಸಿನ ವಿಷಯ ಒದರುತ್ತಿದ್ದಳು. ಮುನಿನಾರಾಯಣಪ್ಪನ ಹುಬ್ಬಿನ ಹೊಲಿಗೆ ಬಿಚ್ಚಿದ್ದರು, ಅಲ್ಲಿ ಕೂದಲು ಇನ್ನೂ ಬಂದಿರಲಿಲ್ಲ. ಟ್ರೇಲರಿನವನ ಕೈ ಹೇಗಿದೆಯಂತೆ ಅಂತ ಆದಿಲಕ್ಷ್ಮಮ್ಮ ಕೇಳಿದಳು. ಸಂಕ್ರಾಂತಿ ಆದ ಮೇಲೆ ಪಟ್ಟಿ ಬಿಚ್ಚುತ್ತಾರಂತೆ ಅಂದ ಕನಕರಾಜ. ದೀಪ ಇಲ್ಲದ ಟ್ರೇಲರು ರೋಡಿಗೆ ತಂದವನದೇ ತಪ್ಪು ಅಂತಲೂ ಸೇರಿಸಿದ. ಮುನಿನಾರಾಯಣಪ್ಪ ಯಾರಿಗೂ ಅಲ್ಲ ಅನ್ನುವಂತೆ, ತಟ್ಟೆ ನೋಡಿಕೊಂಡು ಮಾತಾಡಿದ.

"ಹುಲ್ಲು ಕಾಣಿಸ್ತು. ಕಾಣಿಸಿದ್ದು ನೆನಪೈತೆ. ಬ್ರೇಕ್ ತುಳಿದಿದ್ದು ನೆನಪಿಲ್ಲ."

ಕನಕರಾಜ ಅಪ್ಪನ ಮುಖ ನೋಡಿದ. ಆಮೇಲೆ ನೀರಿನ ಲೋಟ ಎತ್ತಿಕೊಂಡ. ಇನ್ನೊಂದು ಅರ್ಧ ಮುದ್ದೆ ಹಾಕಲೇ ಅಂತ ಆದಿಲಕ್ಷ್ಮಮ್ಮ ಗಂಡನನ್ನು ಕೇಳಿದ್ದಕ್ಕೆ ಅವನು ಬೇಡ ಅನ್ನುವ ಹಾಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

ಚಿಕ್ಕಬಳ್ಳಾಪುರದ ಆಫೀಸು ಒಂದು ಟೈರ್ ಅಂಗಡಿಯ ಮೇಲಿನ ಮಹಡಿ. ಬೆಂಗಳೂರಿನ ಸಾಹೇಬ ವಯಸ್ಸಾದವನೇನಲ್ಲ, ಕನಕರಾಜನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಮೊದಲು ಮುನಿನಾರಾಯಣಪ್ಪನನ್ನು ಒಳಗೆ ಕರೆದರು. ಹೊರಗೆ ಕೂತ ಆದಿಲಕ್ಷ್ಮಮ್ಮನಿಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ಪರಸ್ಥಾನದ ವಿಷಯ ಬಂದಾಗ ಯಾರೋ ನಕ್ಕರು. ಮುನಿನಾರಾಯಣಪ್ಪ ನಗಲಿಲ್ಲ. ಟ್ರೇಲರಿಗೆ ದೀಪವಿರಲಿಲ್ಲ ಅಂತ ಎರಡು ಸಲ ಹೇಳಿದ. ಮಲಗಿದ್ದಿರಾ ಅಂತ ಕೇಳಿದ್ದಕ್ಕೆ, ಮನೇಲಿದ್ದೆ ಸಾರ್ ಅಂದ. ಅದನ್ನೇ ಮತ್ತೆ ಕೇಳಿದರು. ಮನೇಲೇ ಇದ್ದೆ ಸಾರ್ ಅಂತ ಅದನ್ನೇ ಮತ್ತೆ ಹೇಳಿದ.

ಆಮೇಲೆ ಅವಳನ್ನು ಕರೆದರು. ಸುನೀಲ್‌ಕುಮಾರ್ ಕುರ್ಚಿ ಎಳೆದು ಹಾಕಿದ. ಮೇಜಿನ ಮೇಲೆ ಒಂದು ಹಾಳೆ, ಅದರಲ್ಲಿ ಬರೆದೇ ಇತ್ತು. ಕೆಳಗೆ ಸಹಿಗೆ ಜಾಗ. ಸಾಹೇಬ ಅದನ್ನು ಓದಿ ಹೇಳಿದ. ಮಧ್ಯಾಹ್ನ ಎರಡರಿಂದ ಐದೂವರೆಯವರೆಗೆ ನನ್ನ ಗಂಡ ಮನೆಯಲ್ಲಿ ಮಲಗಿ ವಿಶ್ರಾಂತಿ ತೆಗೆದುಕೊಂಡಿರುತ್ತಾರೆ. ಸರಿಯಾ ಅಮ್ಮ ಅಂತ ಕೇಳಿದ.

ಅವಳಿಗೆ ಕಂಡದ್ದು ಮುಂದಿನ ಭಾನುವಾರ. ಸಹಿ ಹಾಕಿದರೆ ಗಂಡ ಮಗ ಇಬ್ಬರೂ ಮತ್ತೆ ಅದೇ ಗಾಡಿ ಹತ್ತುತ್ತಾರೆ. ಹಾಕದಿದ್ದರೆ ಏನಾಗುತ್ತದೋ ಅವಳಿಗೆ ತಿಳಿಯದು. ಪೆನ್ನು ಕೈಯಲ್ಲೇ ಇತ್ತು.

"ಮಲಗಿರ್ಲಿಲ್ಲಪ್ಪ," ಅಂದಳು. "ಮೋಟಾರು ಕೆಟ್ಟಿತ್ತು, ರಿಪೇರಿ ಮಾಡ್ಸ್ದೆ. ರಾಗಿ ಮಿಷನ್ನಿಗೆ ಕಳಿಸ್ದೆ. ಮಂಚದ ಮೇಲೆ ಅವರೆಕಾಯಿ ಹಾಕಿದ್ದೆ, ಮಲಗಕ್ಕೆ ಜಾಗ ಇರ್ಲಿಲ್ಲ. ಎಲ್ಲಾ ನಾನೇ ಹೇಳಿದ್ದು."

ಸುನೀಲ್‌ಕುಮಾರ್ ಅಕ್ಕಾ ಅಂದ. ಸಾಹೇಬ ಪೆನ್ನನ್ನು ವಾಪಸು ತೆಗೆದುಕೊಂಡ. ಹಾಗಾದರೆ ಬೆಳಿಗ್ಗೆ ಎದ್ದವರು ಮಲಗಿಯೇ ಇಲ್ಲವೇ ಅಂತ ಕೇಳಿದ. ಬೆಳಿಗ್ಗೆ ಐದಕ್ಕೆ ಎದ್ದಿದ್ದರು ಅಂದಳು. ಅವನು ಏನೋ ಬರೆದುಕೊಂಡ. ತಪ್ಪಾ ಅದು ಅಂತ ಅವಳು ಕೇಳಿದಳು. ಮನೆ ಕೆಲಸಕ್ಕೆ ನಮ್ಮಲ್ಲಿ ನಿಯಮ ಇಲ್ಲ ಅಮ್ಮ, ನೋಡೋಣ ಅಂದ ಅವನು. ಅದು ಒಳ್ಳೆಯ ಉತ್ತರವೋ ಕೆಟ್ಟ ಉತ್ತರವೋ ಅವಳಿಗೆ ಅರ್ಥವಾಗಲಿಲ್ಲ.

ನಂದಿಗೆ ವಾಪಸಾಗುವ ಬಸ್ಸಿನಲ್ಲಿ ಮುನಿನಾರಾಯಣಪ್ಪ ಅವಳ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ, ಡ್ರೈವರಿನ ಹಿಂದೆ ಕಂಬಿ ಹಿಡಿದು ನಿಂತೇ ಬಂದ.

ಎಂಟು ಹತ್ತು ದಿನಕ್ಕೆ ತೀರ್ಮಾನ ಬಂತು. ಮುನಿನಾರಾಯಣಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ, ಬೇರೆ ಕಂಪನಿಗೆ ಹೆಸರು ಕಳಿಸಲೂ ಇಲ್ಲ. ಹೈದರಾಬಾದ್ ಲೈನಿನಿಂದ ತೆಗೆದು ಶೆಡ್ಡಿನ ಒಳಗೆ ಹಗಲು ಕೆಲಸಕ್ಕೆ ಹಾಕಿದರು. ಬಂದ ಗಾಡಿಗಳನ್ನು ಹಿಂದೆ ಮುಂದೆ ತೆಗೆದು ಲೋಡಿಂಗಿಗೆ ನಿಲ್ಲಿಸುವುದು. ಸ್ಟೀರಿಂಗೇನೋ ಕೈಯಲ್ಲೇ ಇತ್ತು, ಆದರೆ ಗೇಟು ದಾಟುವಂತಿಲ್ಲ. ಕನಕರಾಜನೇ ಈಗ ಮೊದಲನೇ ಡ್ರೈವರು. ಮಂಚೇನಹಳ್ಳಿಯ ಮುನೇಶ್ ಅನ್ನುವವನು ಅವನಿಗೆ ಜೊತೆ. ಮುನೇಶನೇ ಲೋಡಾದ ಗಾಡಿಯನ್ನು ಶೆಡ್ಡಿನಿಂದ ಮನೆಯ ಹತ್ತಿರಕ್ಕೆ ತಂದು ಕನಕರಾಜನನ್ನು ಹತ್ತಿಸಿಕೊಂಡು ಹೋಗುತ್ತಾನೆ ಅಂತಾಯಿತು.

ಇದು ಉಳಿದದ್ದೋ ಕಳೆದದ್ದೋ ಅಂತ ಮನೆಯಲ್ಲಿ ಯಾರೂ ತೀರ್ಮಾನಿಸಲಿಲ್ಲ. ಕನಕರಾಜ ಒಂದು ದಿನ, "ನೀನು ಸಹಿ ಹಾಕಿದ್ರೆ ಅಪ್ಪ ಇವತ್ತು ರೋಡಿನಾಗಿರೋರು," ಅಂದ. ಇನ್ನೊಂದು ದಿನ, ತಾನು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಗ ಗಾಡಿ ಇನ್ನೂ ಎರಡು ಮಾರು ಮುಂದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಅಮೃತಳಿಗೆ ಹೇಳುತ್ತಿದ್ದುದು ಆದಿಲಕ್ಷ್ಮಮ್ಮನ ಕಿವಿಗೂ ಬಿತ್ತು. ಮುನಿನಾರಾಯಣಪ್ಪ ಮಾತ್ರ ಹೆಂಡತಿಯೊಂದಿಗೆ ಮಾತು ಬಿಟ್ಟಿದ್ದ. ಬೇಕಾದದ್ದನ್ನೆಲ್ಲ ತನುಶ್ರೀಯ ಮೂಲಕ ಕೇಳುತ್ತಿದ್ದ.

"ಅಜ್ಜೀಗೆ ಹೇಳಮ್ಮ, ಸಾರಿಗೆ ಉಪ್ಪು ಕಡಿಮೆ."

"ತಾತಂಗೆ ಹೇಳಮ್ಮ, ಉಪ್ಪಿನ ಡಬ್ಬಿ ಅವರ ಮೊಣಕಾಲ ಹತ್ರಾನೇ ಐತೆ."

ತನುಶ್ರೀ ಎರಡು ದಿನ ಸಂಭ್ರಮದಿಂದ ಈ ಕೆಲಸ ಮಾಡಿದಳು. ಮೂರನೆಯ ದಿನ, ನನಗೆ ಹೋಂವರ್ಕ್ ಇದೆ, ನೀವೇ ಮಾತಾಡಿಕೊಳ್ಳಿ ಅಂದುಬಿಟ್ಟಳು. ಆಮೇಲಿನ ಊಟಗಳೆಲ್ಲ ಸದ್ದಿಲ್ಲದೆ ನಡೆದವು.

ಕನಕರಾಜ ಮೊದಲನೇ ಡ್ರೈವರಾಗಿ ಹೊರಡುವ ಭಾನುವಾರ ಬಂತು. ಬೆಳಿಗ್ಗೆ ಆದಿಲಕ್ಷ್ಮಮ್ಮ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತಳು. ರಾಹುಕಾಲ ಅಲ್ಲೇ ಇತ್ತು. ಐದೂವರೆಯೂ ಅಲ್ಲೇ ಇತ್ತು. ಎರಡು ಗಂಟೆಗೆ ಅವಳು ಮಗನ ಬಟ್ಟೆಯ ಚೀಲ ತೆಗೆದುಕೊಂಡು ಹೋಗಿ ಚಿಕ್ಕವೆಂಕಟಮ್ಮನ ಜಗುಲಿಯಲ್ಲಿ ಇಟ್ಟು ಬಂದಳು. ಗಾಡಿ ಶೆಡ್ಡಿನಲ್ಲೇ ಇರಲಿ ಅಂದಳು. ಮಂಚದ ಮೇಲಿದ್ದ ಅವರೆಕಾಯಿಯನ್ನು ಗೋಣಿಚೀಲದ ಸಮೇತ ಹಿತ್ತಲಿಗೆ ಎಳೆದುಹಾಕಿ, ಮಂಚದ ಮೇಲೆ ಚಾದರ ಹಾಸಿದಳು.

"ಮಲಕ್ಕೋ."

"ನಿದ್ದೆ ಬರ್ತಿಲ್ಲಮ್ಮ."

"ಬರ್ದಿದ್ರೂ ಮಲಕ್ಕೋ."

ಟಿವಿ ಹಾಕಿದ್ದ ತನುಶ್ರೀಯನ್ನು ಅಮೃತ ಹೊರಗೆ ಕರೆದುಕೊಂಡು ಹೋದಳು. ಕುಕ್ಕರ್ ಕೂಗೀತು ಅಂತ ಆದಿಲಕ್ಷ್ಮಮ್ಮ ಬೇಳೆಯನ್ನು ಪಾತ್ರೆಯಲ್ಲೇ ಬೇಯಲು ಇಟ್ಟಳು. ಕನಕರಾಜ ಆ ಕಡೆ ಈ ಕಡೆ ಹೊರಳಿ ಕೊನೆಗೆ ಗೊರಕೆ ಹೊಡೆಯತೊಡಗಿದ.

ನಾಲ್ಕರ ಹೊತ್ತಿಗೆ ಮುನಿನಾರಾಯಣಪ್ಪ ಬಂದ. ಭಾನುವಾರ ಅವನಿಗೀಗ ರಜೆ. ಯಾರೂ ಹೇಳದೆಯೇ ರಾಗಿ ಚೀಲ ತೆಗೆದುಕೊಂಡು ಮಿಷನ್ನಿಗೆ ಹೋಗಿದ್ದ. ಹೆಗಲ ಮೇಲೆ ಹಿಟ್ಟಿನ ಚೀಲ ಹೊತ್ತು ಬಾಗಿಲಿಗೆ ಬಂದವನಿಗೆ ಅವಳು ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದಳು. ಬಾಗಿಲ ಪಕ್ಕದಲ್ಲಿ ಚೀಲ ಇಳಿಸಿದರೆ ತಗಡಿನ ಡಬ್ಬಿಗಳು ಸದ್ದು ಮಾಡುತ್ತವೆ. ಅವನು ಇಳಿಸಲಿಲ್ಲ. ಹೊಂಗೆ ಮರದ ಕೆಳಗೆ ಹೋಗಿ, ಚೀಲವನ್ನು ಹೆಗಲ ಮೇಲೆ ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದ. ಅಂಗಿಯ ಮೇಲೆಲ್ಲ ಹಿಟ್ಟು. ಆಮೇಲೆ ಅಲ್ಲೇ ನೆಲದ ಮೇಲೆ ಇಳಿಸಿ ಪಕ್ಕದಲ್ಲಿ ಕೂತ.

ಐದು ಗಂಟೆಗೆ ಕನಕರಾಜನನ್ನು ಎಬ್ಬಿಸಿದಳು. ಅವನು ಮುಖ ತೊಳೆದು, ಅನ್ನ ಸಾರು ಉಂಡು, ಮುದ್ದೆ ಇಲ್ಲವಾ ಅಂತ ಕೇಳಿ, ಹಿಟ್ಟು ಮರದ ಕೆಳಗಿದೆ ಅಂದದ್ದಕ್ಕೆ ಅರ್ಥವಾಗದೆ ಅವಳ ಮುಖ ನೋಡಿದ. ಅಷ್ಟರಲ್ಲಿ ಶೆಡ್ಡಿನಿಂದ ಗಾಡಿ ತಂದ ಮುನೇಶ್ ರಸ್ತೆಯಲ್ಲಿ ಹಾರನ್ ಹೊಡೆದ. ಕನಕರಾಜ ಓಡಿ ಹತ್ತಿದ. ಮುನೇಶ್ ಪಕ್ಕಕ್ಕೆ ಸರಿದು ಸ್ಟೀರಿಂಗ್ ಬಿಟ್ಟುಕೊಟ್ಟ. ಕನಕರಾಜ ಪುಸ್ತಕ ತೆಗೆದು ತೊಡೆಯ ಮೇಲಿಟ್ಟು ಏನೋ ಬರೆದ. ಏನು ಬರೆದೆ ಅಂತ ಅವಳು ಕೇಳಲಿಲ್ಲ. ಅವನೇ ಕಿಟಕಿಯಿಂದ ತಲೆ ಹಾಕಿ, "ಐದೂವರೆ ಕಣಮ್ಮ," ಅಂದ. ಗಾಡಿ ಹೊರಟಿತು.

ತಿರುವು ದಾಟಿ ಹಿಂದಿನ ಕೆಂಪು ದೀಪ ಮರೆಯಾದ ಮೇಲೆ ಚಿಕ್ಕವೆಂಕಟಮ್ಮ ತನ್ನ ಜಗುಲಿಯಿಂದ ಕೂಗಿದಳು. ಆದೆಮ್ಮಾ, ಈ ಚೀಲ ಯಾರದು.

ಆದಿಲಕ್ಷ್ಮಮ್ಮ ಹೋಗಿ ನೋಡಿದಳು. ಇಟ್ಟ ಜಾಗದಲ್ಲೇ ಇತ್ತು. ಎರಡು ಅಂಗಿ, ಲುಂಗಿ, ಟವಲು, ಹಲ್ಲುಜ್ಜುವ ಬ್ರಷ್ಷು. ಎತ್ತಿಕೊಂಡು ರಸ್ತೆಯ ಮಧ್ಯ ಬಂದು ನಿಂತಳು. ಎರಡು ಗಂಟೆಗೆ ಹೊರಟದ್ದು ಈ ಚೀಲ. ಅದು ಇಲ್ಲೇ ಇದೆ. ಹೊರಡದೆ ಮಲಗಿದ್ದವನು ರಾಹುಕಾಲದಲ್ಲಿ ಎದ್ದು ಹೋದ. ಹಾಗಾದರೆ ಹೊರಟವರು ಯಾರು, ಉಳಿದವರು ಯಾರು, ಒಳ್ಳೆಯ ಹೊತ್ತು ಯಾರ ಜೊತೆ ಹೋಯಿತು. ಅಮೃತಳಿಗೆ ಹೇಳಿ ಫೋನು ಮಾಡಿಸಲೇ, ಗಾಡಿ ವಾಪಸು ತಿರುಗಿಸಲು ಹೇಳಲೇ ಅಂದುಕೊಂಡಳು. ಹಾಗೆ ತಿರುಗಿಸಿದರೆ ಪುಸ್ತಕದಲ್ಲಿ ಏನಂತ ಬರೆಯುತ್ತಾನೋ.

ಮರದ ಕೆಳಗೆ ಕೂತಿದ್ದ ಮುನಿನಾರಾಯಣಪ್ಪ ಎದ್ದ. ಪಂಚೆ ಕೊಡವಿಕೊಂಡು ಬಂದು ಅವಳ ಕೈಯಿಂದ ಚೀಲ ತೆಗೆದುಕೊಂಡ.

"ಬಟ್ಟೆ ಇಲ್ದಿದ್ರೂ ಗಾಡಿ ಓಡತ್ತೆ," ಅಂದ. "ಅವನು ನಿದ್ದೆ ಮಾಡೇ ಹೋಗವ್ನೆ."

ಆ ತಿಂಗಳಲ್ಲಿ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವನು ಮರದ ಕೆಳಗೆ ವಾಪಸು ಹೋಗಿ, ಒಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದು, ಹೆಗಲಿಗೆ ಹಿಟ್ಟು ಏರಿಸಲು ಬಗ್ಗಿದ. ಅವಳು ಹಿಟ್ಟಿನ ಚೀಲದ ಇನ್ನೊಂದು ತುದಿಗೆ ಕೈ ಹಾಕಿದಳು.